ಪಿತ್ತಕೋಶದ ಕಲ್ಲು, ಕಾಮಾಲೆ, ಕ್ಯಾನ್ಸರ್: ನಮ್ಮ ಅಭ್ಯಾಸಗಳಿಗೆ ಎಷ್ಟು ಸಂಬಂಧ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನಗೆ 41 ವರ್ಷ, ಊರು ಹಾವೇರಿ ಹತ್ತಿರ. ಹೋದ ವರ್ಷ ನಮ್ಮ ಚಿಕ್ಕಮ್ಮ ಪಿತ್ತನಾಳದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರಿಗೆ 54 ಆಗಿತ್ತು. ಮೊದಲು ಕಾಮಾಲೆ ಅಂದುಕೊಂಡು ಎರಡು ತಿಂಗಳು ನಾಟಿ ಔಷಧಿ ಕೊಡಿಸಿದೆವು. ಈಗ ಬೇರೆ ಯಾವುದೋ ಕಾರಣಕ್ಕೆ ಹೊಟ್ಟೆ ಸ್ಕ್ಯಾನ್ ಮಾಡಿಸಿದಾಗ ನನ್ನ ಪಿತ್ತಕೋಶದಲ್ಲಿ 9 ಮಿಲಿಮೀಟರ್ ಕಲ್ಲು ಕಂಡಿದೆ. ನೋವು ಏನೂ ಇಲ್ಲ. ತೂಕ 78 ಕೆಜಿ, ಎತ್ತರ 155 ಸೆಂ.ಮೀ. ಬೆಳಿಗ್ಗೆ ತಿಂಡಿ ತಿನ್ನುವುದಿಲ್ಲ, ಬರೀ ಕಾಫಿ. ಸೋಮವಾರ, ಗುರುವಾರ ಒಪ್ಪತ್ತು. ಭಯಕ್ಕೆ ಎಣ್ಣೆ, ತುಪ್ಪ ಪೂರ್ತಿ ಬಿಟ್ಟಿದ್ದೇನೆ. ಬಾಳೆದಿಂಡಿನ ರಸ ಕುಡಿಯುತ್ತಿದ್ದೇನೆ. ಮನೆಯವರು ಗುಟ್ಕಾ ಹಾಕುತ್ತಾರೆ, ವಾರದಲ್ಲಿ ಮೂರು ದಿನ ಕುಡಿಯುತ್ತಾರೆ. ಪಿತ್ತ ಜಾಸ್ತಿಯಾದರೆ ಕ್ಯಾನ್ಸರ್ ಬರುತ್ತದೆಯೇ? ನಮ್ಮ ಯಾವ ಅಭ್ಯಾಸದಿಂದ ಇದು ಬರುತ್ತದೆ?

ಉತ್ತರ: ಮೊದಲು ಚಿಕ್ಕಮ್ಮನ ವಿಷಯ. ಅವರು ಏನು ತಿಂದಿದ್ದರಿಂದ ಹೀಗಾಯಿತು, ಏನು ಬಿಟ್ಟಿದ್ದರಿಂದ ಹೀಗಾಯಿತು ಅಂತ ದಯವಿಟ್ಟು ಹುಡುಕುತ್ತಾ ಕೂರಬೇಡಿ. ಪಿತ್ತನಾಳದ ಕ್ಯಾನ್ಸರ್ ಬಂದ ಬಹಳಷ್ಟು ಜನರಲ್ಲಿ ಎಷ್ಟು ಕೆದಕಿದರೂ ಇದೇ ಕಾರಣ ಅಂತ ಬೆರಳಿಟ್ಟು ತೋರಿಸುವಂಥದ್ದು ಸಿಗುವುದಿಲ್ಲ. ಅವರ ತಪ್ಪೂ ಇಲ್ಲ, ನಿಮ್ಮ ತಪ್ಪೂ ಇಲ್ಲ. ಚಿಕ್ಕಮ್ಮನಿಗೆ ಬಂತು ಅಂದ ಮಾತ್ರಕ್ಕೆ ನಿಮಗೂ ಬರಬೇಕು ಅಂತಲೂ ಇಲ್ಲ. ತಂದೆ ತಾಯಿಗೆ, ಒಡಹುಟ್ಟಿದವರಿಗೆ ಬಂದಿದ್ದರೆ ಅಪಾಯ ಸ್ವಲ್ಪ ಏರುತ್ತದೆ. ಅದಕ್ಕಿಂತ ದೂರದ ಸಂಬಂಧದಿಂದ ಅಂಥ ವ್ಯತ್ಯಾಸವಾಗುವುದಿಲ್ಲ.

ಇನ್ನು "ಪಿತ್ತ" ಎಂಬ ಮಾತು. ನಮ್ಮಲ್ಲಿ ಎಷ್ಟೊಂದು ತೊಂದರೆಗೆ ಈ ಒಂದೇ ಹೆಸರು ಇದೆ ನೋಡಿ. ಹುಳಿತೇಗು ಬಂದರೆ ಪಿತ್ತ, ತಲೆ ಸುತ್ತಿದರೆ ಪಿತ್ತ, ಮೈಮೇಲೆ ದಡ್ಡು ಎದ್ದರೆ ಪಿತ್ತದ ಗಂಧೆ, ಕೂದಲು ಬೇಗ ನೆರೆತರೂ ಪಿತ್ತ. ಜೀರಿಗೆ ಕಷಾಯ ಕುಡಿದರೆ, ಕರಾವಳಿಯಲ್ಲಾದರೆ ಪುನರ್ಪುಳಿ ಕುಡಿದರೆ ಆರಾಮ ಅನ್ನಿಸುವ ಆ ಪಿತ್ತ ಬೇರೆ. ಅದರಲ್ಲಿ ಮುಕ್ಕಾಲು ಪಾಲು ಹೊಟ್ಟೆಯ ಆಮ್ಲದ ತೊಂದರೆ. ನಾನು ಇಲ್ಲಿ ಹೇಳುತ್ತಿರುವ ಪಿತ್ತರಸ ಯಕೃತ್ತು, ಅಂದರೆ ಲಿವರ್, ತಯಾರು ಮಾಡುವ ಹಳದಿ ಹಸಿರು ದ್ರವ. ದಿನಕ್ಕೆ ಅರ್ಧದಿಂದ ಒಂದು ಲೀಟರ್ ಆಗುತ್ತದೆ. ಕೊಬ್ಬು ಜೀರ್ಣವಾಗಲು ಅದು ಬೇಕೇ ಬೇಕು. ಅದು "ಜಾಸ್ತಿಯಾಗಿ" ಕ್ಯಾನ್ಸರ್ ಬರುವುದಿಲ್ಲ. ಹುಳಿತೇಗಿಗೂ ಈ ಕ್ಯಾನ್ಸರ್‌ಗೂ ಸಂಬಂಧವಿಲ್ಲ.

ತೊಂದರೆ ಶುರುವಾಗುವುದು ಈ ರಸ ಸರಾಗವಾಗಿ ಹರಿಯದೆ ನಿಂತಾಗ, ಗಟ್ಟಿಯಾದಾಗ, ಅದು ಹರಿಯುವ ದಾರಿಯ ಒಳಗೋಡೆ ವರ್ಷಗಟ್ಟಲೆ ಕೆರಳುತ್ತಾ ಇದ್ದಾಗ. ಲಿವರ್‌ನಿಂದ ಕರುಳಿಗೆ ಹೋಗುವ ಕೊಳವೆಯೇ ಪಿತ್ತನಾಳ. ಆ ದಾರಿಯ ಪಕ್ಕಕ್ಕೆ ನೇತುಬಿದ್ದಿರುವ ಸಣ್ಣ ಚೀಲ ಪಿತ್ತಕೋಶ. ಅದರಲ್ಲಿ ಹಿಡಿಯುವುದು ಮೂವತ್ತರಿಂದ ಐವತ್ತು ಮಿಲಿಲೀಟರ್ ಮಾತ್ರ, ಒಂದು ಸಣ್ಣ ಕಾಫಿ ಲೋಟಕ್ಕಿಂತ ಕಡಿಮೆ. ನಾವು ಊಟ ಮಾಡಿದಾಗ, ಅದರಲ್ಲೂ ಊಟದಲ್ಲಿ ಸ್ವಲ್ಪ ಎಣ್ಣೆಯೋ ತುಪ್ಪವೋ ಇದ್ದಾಗ, ಅದು ಹಿಂಡಿಕೊಂಡು ರಸವನ್ನು ಕರುಳಿಗೆ ಬಿಡುತ್ತದೆ. ಈ ಹಿಂಡುವಿಕೆಯ ವಿಷಯ ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಚಿಕ್ಕಮ್ಮನಿಗೆ ಬಂದಿದ್ದು ನಾಳದಲ್ಲಿ. ನಿಮಗೆ ಕಲ್ಲಿರುವುದು ಚೀಲದಲ್ಲಿ. ಎರಡೂ ಒಂದೇ ದಾರಿಯಲ್ಲಿದ್ದರೂ ಎರಡರ ಸ್ವಭಾವ ಬೇರೆ. ಕಲ್ಲಿಗೂ ಪಿತ್ತಕೋಶದ ಕ್ಯಾನ್ಸರ್‌ಗೂ ನಂಟು ಗಟ್ಟಿಯಾಗಿದೆ. ಈ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರಿಗೆ ಕಲ್ಲು ಇದ್ದೇ ಇರುತ್ತದೆ. ಆದರೆ ಇದನ್ನು ತಿರುಗಿಸಿ ಓದಬಾರದು. ಕಲ್ಲಿರುವ ನೂರು ಜನರನ್ನು ನಿಲ್ಲಿಸಿದರೆ ಅವರಲ್ಲಿ ಹೆಚ್ಚೆಂದರೆ ಒಬ್ಬರಿಂದ ಮೂವರಿಗೆ ಮುಂದೆ ಕ್ಯಾನ್ಸರ್ ಆಗಬಹುದು. ಕ್ಯಾನ್ಸರ್ ಕಡಿಮೆ ಇರುವ ಪ್ರದೇಶಗಳಲ್ಲಿ ಅಷ್ಟೂ ಇಲ್ಲ. ಕರ್ನಾಟಕದ ನಾವು ಇರುವುದು ಹಾಗೆ ಕಡಿಮೆ ಇರುವ ಪ್ರದೇಶದಲ್ಲಿ. ಪಿತ್ತಕೋಶದ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚು ಕಾಣುವುದು ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ, ಮತ್ತು ನಮ್ಮದೇ ದೇಶದ ಉತ್ತರ ಪ್ರದೇಶ, ಬಿಹಾರ, ಬಂಗಾಳ, ಅಸ್ಸಾಂ ಕಡೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1982ರಿಂದ ನಗರದ ಕ್ಯಾನ್ಸರ್ ಲೆಕ್ಕ ಇಡುತ್ತಿದೆ. ಅಲ್ಲಿನ ಲೆಕ್ಕದಲ್ಲಿ ಇದು ಉತ್ತರದ ಊರುಗಳಿಗಿಂತ ಬಹಳ ಕಡಿಮೆ. ಕಲ್ಲಿನ ಜಾತಿಯೂ ಬೇರೆ. ಉತ್ತರದಲ್ಲಿ ಹೆಚ್ಚಾಗಿ ಸಿಗುವುದು ಕೊಲೆಸ್ಟರಾಲ್ ಸೇರಿದ ಕಲ್ಲು, ದಕ್ಷಿಣದಲ್ಲಿ ಕಪ್ಪು, ಕಂದು ಬಣ್ಣದ ಪುಡಿಪುಡಿ ಕಲ್ಲುಗಳು. ಎರಡೂ ಕಡೆ ಗಂಡಸರಿಗಿಂತ ಹೆಂಗಸರಿಗೇ ಜಾಸ್ತಿ. ಹೆಣ್ಣಿನ ದೇಹದ ಈಸ್ಟ್ರೋಜೆನ್ ಎಂಬ ಹಾರ್ಮೋನು ಪಿತ್ತರಸದಲ್ಲಿ ಕೊಲೆಸ್ಟರಾಲ್ ಹೆಚ್ಚಿಸುತ್ತದೆ, ಬಸುರಿನಲ್ಲಿ ಪಿತ್ತಕೋಶ ಸೋಮಾರಿಯಾಗುತ್ತದೆ. ಇದು ಯಾವ ಅಭ್ಯಾಸವೂ ಅಲ್ಲ, ದೇಹದ ಗುಣ. ಮುಂಬೈನ ಟಾಟಾ ಮೆಮೋರಿಯಲ್‌ನ ಸಂಶೋಧಕರು 2017ರಲ್ಲಿ ಭಾರತೀಯ ರೋಗಿಗಳಲ್ಲಿ ಪಿತ್ತಕೋಶದ ಕ್ಯಾನ್ಸರ್‌ಗೆ ಸಂಬಂಧಿಸಿದ ಕೆಲವು ವಂಶವಾಹಿ ವ್ಯತ್ಯಾಸಗಳನ್ನೂ ಗುರುತಿಸಿದ್ದಾರೆ.

ಈಗ ನಿಮ್ಮ ಕೈಯಲ್ಲಿರುವ ಸಂಗತಿಗಳಿಗೆ ಬರೋಣ. ನನ್ನ ಪ್ರಕಾರ ಮೊದಲನೆಯದು ತೂಕ. ನಿಮ್ಮ ಎತ್ತರಕ್ಕೆ 78 ಕೆಜಿ ಅಂದರೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಎಂದು ಹೇಳುವ ಅಳತೆ) 32 ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ, ಅತಿಯಾದ ಬೊಜ್ಜಿನಿಂದ ಅಪಾಯ ಹೆಚ್ಚುವ 13 ಕ್ಯಾನ್ಸರ್‌ಗಳನ್ನು ಹೆಸರಿಸಿತು. ಅದರಲ್ಲಿ ಪಿತ್ತಕೋಶವೂ ಒಂದು. ಅಪಾಯ ಏರುವುದು ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು. ಕೇಳಿದ ತಕ್ಷಣ ಎದೆ ಧಸಕ್ ಅನ್ನುತ್ತದೆ. ಆದರೆ ಲೆಕ್ಕ ಹೀಗೆ ಹಾಕಿ: ಒಂದು ಊರಿನಲ್ಲಿ ಲಕ್ಷ ಹೆಂಗಸರಲ್ಲಿ ವರ್ಷಕ್ಕೆ ಇಬ್ಬರಿಗೆ ಈ ಕಾಯಿಲೆ ಬರುತ್ತದೆ ಅಂದುಕೊಳ್ಳಿ. ಆ ಲಕ್ಷ ಜನವೂ ದಪ್ಪ ಇದ್ದರೆ ಅದು ಎರಡೂವರೆ ಆಗಬಹುದು. ಸಕ್ಕರೆ ಕಾಯಿಲೆಯದೂ ಹೆಚ್ಚುಕಡಿಮೆ ಇದೇ ಕಥೆ. ಬೊಜ್ಜು, ಸಕ್ಕರೆ ಕಾಯಿಲೆ, ಲಿವರ್‌ನಲ್ಲಿ ಕೊಬ್ಬು, ಪಿತ್ತಕೋಶದಲ್ಲಿ ಕಲ್ಲು ಈ ನಾಲ್ಕೂ ಒಟ್ಟಿಗೆ ಓಡಾಡುವ ನೆಂಟರು. ಒಂದನ್ನು ಹಿಡಿದರೆ ಉಳಿದವೂ ಸಡಿಲವಾಗುತ್ತವೆ. ನೀವು ಇನ್ನೂ ಸಕ್ಕರೆ ಪರೀಕ್ಷೆ ಮಾಡಿಸಿಲ್ಲವಾದರೆ ಈ ವಾರವೇ ಮಾಡಿಸಿ.

ಹಾಗಂತ ನಾಳೆಯಿಂದಲೇ ಊಟ ಬಿಟ್ಟು ತಿಂಗಳಿಗೆ ಹತ್ತು ಕೆಜಿ ಇಳಿಸಲು ಹೋಗಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಹೆಣ್ಣುಮಕ್ಕಳು ಇಲ್ಲೇ ಎಡವುತ್ತಾರೆ. ಮದುವೆಗೆ ಮೊದಲು ತೂಕ ಇಳಿಸಬೇಕು ಅಂತ ಮೂರು ತಿಂಗಳು ಬರೀ ಸೂಪು, ಹಣ್ಣು ತಿಂದು, ಆಮೇಲೆ ಹೊಟ್ಟೆನೋವು ಅಂತ ಬಂದು ಕಲ್ಲು ತೋರಿಸಿಕೊಂಡವರನ್ನು ನಾನು ನೋಡಿದ್ದೇನೆ. ವಾರಕ್ಕೆ ಒಂದೂವರೆ ಕೆಜಿಗಿಂತ ವೇಗವಾಗಿ ತೂಕ ಇಳಿದರೆ ಹೊಸ ಕಲ್ಲುಗಳಾಗುವ ಸಾಧ್ಯತೆ ಏರುತ್ತದೆ. ಕರಗುವ ಕೊಬ್ಬಿನ ಕೊಲೆಸ್ಟರಾಲ್ ಪಿತ್ತರಸಕ್ಕೆ ಬರುತ್ತದೆ, ಇತ್ತ ಪಿತ್ತಕೋಶ ಹಿಂಡಿಕೊಳ್ಳಲು ಊಟವೇ ಇರುವುದಿಲ್ಲ. ವಾರಕ್ಕೆ ಅರ್ಧ ಕೆಜಿ ಸಾಕು. ಆರು ತಿಂಗಳಲ್ಲಿ ಏಳೆಂಟು ಕೆಜಿ ಇಳಿದರೆ ಅದೇ ದೊಡ್ಡ ಗೆಲುವು. ದಿನಾ ಸಂಜೆ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಿರಿ. ಮೈ ಬಗ್ಗಿಸಿ ಓಡಾಡುವವರಲ್ಲಿ ಕಲ್ಲಿನ ತೊಂದರೆ ಕಡಿಮೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ನಿಮ್ಮ ಒಪ್ಪತ್ತಿನ ವಿಷಯವೂ ಇದಕ್ಕೇ ಅಂಟಿಕೊಂಡಿದೆ. ರಾತ್ರಿ ಎಂಟಕ್ಕೆ ಊಟ, ಬೆಳಿಗ್ಗೆ ತಿಂಡಿ ಇಲ್ಲ, ಒಪ್ಪತ್ತಿನ ದಿನ ಸಂಜೆಯವರೆಗೂ ಏನೂ ಇಲ್ಲ. ಅಂದರೆ ಇಪ್ಪತ್ತು ಗಂಟೆಗೂ ಹೆಚ್ಚು ಕಾಲ ಆ ಪುಟ್ಟ ಚೀಲದಲ್ಲಿ ಪಿತ್ತರಸ ನಿಂತಿರುತ್ತದೆ. ನಿಂತ ರಸದಲ್ಲಿ ಮಡ್ಡಿ ಕೂರುತ್ತದೆ. ಉಪವಾಸ ಮಾಡಿದರೆ ಕ್ಯಾನ್ಸರ್ ಬರುತ್ತದೆ ಅಂತ ನಾನು ಹೇಳುತ್ತಿಲ್ಲ, ಹಾಗೆ ಯಾರಾದರೂ ಹೇಳಿದರೆ ನಂಬಬೇಡಿ. ಈಗಾಗಲೇ ಕಲ್ಲಿರುವವರಿಗೆ ಇದು ಒಳ್ಳೆಯದಲ್ಲ ಅಷ್ಟೇ. ದೇವರ ಮೇಲಿನ ಭಕ್ತಿ ಬಿಡಬೇಕಾಗಿಲ್ಲ. ಅವತ್ತು ಅನ್ನ ಬಿಡಿ. ಬೆಳಿಗ್ಗೆ ಅವಲಕ್ಕಿಯೋ ಹಣ್ಣು ಹಾಲೋ ತೆಗೆದುಕೊಳ್ಳಿ, ಮಧ್ಯಾಹ್ನ ಒಂದು ಹಿಡಿ ಶೇಂಗಾ ತಿನ್ನಿ.

ಎಣ್ಣೆ, ತುಪ್ಪ ಪೂರ್ತಿ ಬಿಟ್ಟಿದ್ದೂ ಸರಿಯಲ್ಲ. ಪಿತ್ತಕೋಶ ಹಿಂಡಿಕೊಳ್ಳಬೇಕಾದರೆ ಊಟದಲ್ಲಿ ಒಂದಿಷ್ಟು ಜಿಡ್ಡು ಬೇಕು ಅಂದೆನಲ್ಲ. ಜೋಳದ ರೊಟ್ಟಿಗೆ ಒಂದು ಚಮಚ ತುಪ್ಪ, ಪಲ್ಯದ ಒಗ್ಗರಣೆಗೆ ಎಣ್ಣೆ, ಇದಕ್ಕೆಲ್ಲ ಹೆದರಬೇಡಿ. ಬಿಡಬೇಕಾದ್ದು ದಿನಾ ಸಂಜೆಯ ಮಿರ್ಚಿ, ಬೋಂಡಾ, ಬೇಕರಿ ಪಫ್ ಇಂಥವು. ಜಿಡ್ಡಿನ ಊಟವಾದ ಮೇಲೆ ಬಲ ಪಕ್ಕೆಲುಬಿನ ಕೆಳಗೆ ಹಿಡಿದುಕೊಳ್ಳುವ ನೋವು ಶುರುವಾದರೆ ಮಾತ್ರ ಲೆಕ್ಕ ಬೇರೆ. ಆಗ ಜಿಡ್ಡು ಕಡಿಮೆ ಮಾಡಿ ವೈದ್ಯರನ್ನು ಕಾಣಬೇಕು.

ಬಾಳೆದಿಂಡಿನ ಪಲ್ಯ, ಕೋಸಂಬರಿ ತಿನ್ನಿ. ನಾರಿನಂಶ ಸಿಗುತ್ತದೆ, ರುಚಿಯೂ ಹೌದು. ಆದರೆ ಅದು ಈ ಕಲ್ಲನ್ನು ಕರಗಿಸುವುದಿಲ್ಲ. ಬಾಳೆದಿಂಡು, ಬಾರ್ಲಿ ನೀರು, ಬಿಂದಿಗೆಗಟ್ಟಲೆ ನೀರು ಇವೆಲ್ಲ ನಮ್ಮ ಜನ ಕಿಡ್ನಿ ಕಲ್ಲಿಗೆ ಹೇಳುವ ಮದ್ದು. ಕಿಡ್ನಿ ಕಲ್ಲು ಇರುವುದು ಮೂತ್ರದ ದಾರಿಯಲ್ಲಿ, ಇದು ಇರುವುದು ಪಿತ್ತದ ದಾರಿಯಲ್ಲಿ. ಕುಡಿದ ನೀರು ಪಿತ್ತಕೋಶವನ್ನು ತೊಳೆಯುವುದಿಲ್ಲ. ಇನ್ನೊಂದು, ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿದರೆ ಹಸಿರು ಕಲ್ಲುಗಳು ಮಲದಲ್ಲಿ ಬೀಳುತ್ತವೆ ಎಂಬ ವಿಡಿಯೋ ನಿಮಗೂ ಯಾರಾದರೂ ಕಳಿಸಿರಬಹುದು. ಆ ಉಂಡೆಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಕುಡಿದ ಎಣ್ಣೆಯೇ ಹೊಟ್ಟೆಯೊಳಗೆ ಸಾಬೂನಿನ ಹಾಗೆ ಗಟ್ಟಿಯಾಗಿದ್ದು ಅದು. ಕಲ್ಲು ಇದ್ದಲ್ಲೇ ಇರುತ್ತದೆ. ಕಾಫಿ ಬಗ್ಗೆ ಮಾತ್ರ ಸಮಾಧಾನದ ಸುದ್ದಿ: ಬಿಡಬೇಕಾಗಿಲ್ಲ. ಕಾಫಿ ಕುಡಿಯುವವರಲ್ಲಿ ಕಲ್ಲಿನ ತೊಂದರೆ ಸ್ವಲ್ಪ ಕಡಿಮೆಯೇ ಕಂಡಿದೆ. ಆದರೆ ತಿಂಡಿಯ ಜಾಗದಲ್ಲಿ ಕಾಫಿ ಬೇಡ, ತಿಂಡಿಯ ಜೊತೆಗೆ ಇರಲಿ.

ಎಣ್ಣೆಯ ವಿಷಯಕ್ಕೆ ಇನ್ನೊಂದು ಮಾತು. ಉತ್ತರ ಭಾರತದಲ್ಲಿ ಈ ಕ್ಯಾನ್ಸರ್ ಯಾಕೆ ಅಷ್ಟೊಂದು ಎಂದು ಹುಡುಕುವಾಗ ಸಾಸಿವೆ ಎಣ್ಣೆ, ಅದಕ್ಕೆ ಬೆರೆಯುವ ಆರ್ಜಿಮೋನ್ ಎಂಬ ಮುಳ್ಳುಗಿಡದ ಬೀಜದ ಎಣ್ಣೆ, ಗಂಗಾ ಬಯಲಿನ ಬೋರ್‌ವೆಲ್ ನೀರಿನಲ್ಲಿರುವ ಆರ್ಸೆನಿಕ್ ಎಂಬ ವಿಷ ಇವೆಲ್ಲದರ ಮೇಲೂ ಅನುಮಾನ ಬಂದಿದೆ. ಸಂಬಂಧ ಇದೆ ಅಂತ ಅಧ್ಯಯನಗಳು ತೋರಿಸಿವೆ, ಇದೇ ಕಾರಣ ಅನ್ನುವಷ್ಟು ಸಾಬೀತಾಗಿಲ್ಲ. ನಮ್ಮ ಒಗ್ಗರಣೆಯ ಅರ್ಧ ಚಮಚ ಸಾಸಿವೆಗೂ ಇದಕ್ಕೂ ತಳುಕು ಹಾಕಬೇಡಿ. ನಿಮ್ಮ ಜಿಲ್ಲೆಗೆ ಹತ್ತಿರದ ವಿಷಯ ಬೇರೆ ಇದೆ. ಚಿಲಿಯಲ್ಲಿ ಒಣಮೆಣಸಿನಕಾಯಿಗೆ ಹಿಡಿಯುವ ಬೂಸ್ಟಿನ ವಿಷ ಅಫ್ಲಾಟಾಕ್ಸಿನ್‌ಗೂ ಪಿತ್ತಕೋಶದ ಕ್ಯಾನ್ಸರ್‌ಗೂ ನಂಟು ಕಂಡಿದೆ. ಅದೇ ವಿಷ ಲಿವರ್ ಕ್ಯಾನ್ಸರ್ ತರುತ್ತದೆ ಎಂಬುದು ಆಗಲೇ ಖಚಿತವಾಗಿತ್ತು. ಬಿಸಿಲಲ್ಲಿ ಗಲಗಲ ಅನ್ನುವಂತೆ ಒಣಗಿದ ಬ್ಯಾಡಗಿ ಮೆಣಸಿನಕಾಯಿಗೆ ಹೆಚ್ಚು ಭಯಪಡಬೇಕಾಗಿಲ್ಲ. ಮಳೆಗೆ ನೆಂದು, ಮುರಿದರೆ ಒಳಗೆ ಬೂದಿಯಂಥ ಬೂಸ್ಟು ಕಾಣುವುದನ್ನು, ಮುಗ್ಗಲು ವಾಸನೆಯ ಶೇಂಗಾವನ್ನು "ಖಾರಪುಡಿಗೆ ನಡೆಯುತ್ತೆ", "ಚಟ್ನಿಗೆ ನಡೆಯುತ್ತೆ" ಅಂತ ಇಟ್ಟುಕೊಳ್ಳಬೇಡಿ. ಹುರಿದರೂ ಕುದಿಸಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ.

ಮನೆಯವರ ವಿಷಯ. ತಂಬಾಕು ಮತ್ತು ಹೆಂಡ ಎರಡೂ ಪಿತ್ತನಾಳಕ್ಕೆ ಒಳ್ಳೆಯದಲ್ಲ, ಅದರಲ್ಲೂ ಲಿವರ್ ಒಳಗಿರುವ ನಾಳಗಳಿಗೆ. ಹೆಚ್ಚು ಕುಡಿತದಿಂದ ಲಿವರ್ ಗಟ್ಟಿಯಾಗಿ ಸಿರೋಸಿಸ್ ಆದರೆ ಅಪಾಯ ಇನ್ನೂ ಏರುತ್ತದೆ. ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ, ಸಿ ವೈರಸ್ ಸೋಂಕು ಸೇರಿಕೊಂಡರೆ ಇನ್ನೂ ಕೆಟ್ಟದ್ದು. ಬಿ ಸೋಂಕಿಗೆ ಲಸಿಕೆ ಇದೆ, ಹಾಕಿಸಿಕೊಳ್ಳಲಿ. ಗುಟ್ಕಾ ಬಗ್ಗೆ ನಾನು ಪಿತ್ತನಾಳದ ಹೆಸರಲ್ಲಿ ಹೆದರಿಸಲು ಹೋಗುವುದಿಲ್ಲ. ಅದು ಮೊದಲು ಹಿಡಿಯುವುದು ಬಾಯಿಯನ್ನು. ಅವರಿಗೆ ಬಾಯಿ ಮೂರು ಬೆರಳಗಲ ತೆರೆಯಲು ಬರುತ್ತದೆಯೇ ಅಂತ ಇವತ್ತು ರಾತ್ರಿ ನೋಡಿ. ಬರದಿದ್ದರೆ, ಕೆನ್ನೆ ಒಳಗೆ ಬಿಳಿ ಮಚ್ಚೆ ಇದ್ದರೆ, ತಡಮಾಡದೆ ದಂತವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಅಭ್ಯಾಸ ಅಂದಾಗ ಜನ ಮರೆಯುವ ಒಂದು ಸಂಗತಿ ಟೈಫಾಯಿಡ್. 1964ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಡಬ್ಬಿ ಮಾಂಸದಿಂದ ಟೈಫಾಯಿಡ್ ಹಬ್ಬಿ 400ಕ್ಕೂ ಹೆಚ್ಚು ಜನ ಮಲಗಿದರು. ಅವರಲ್ಲಿ ಬಹಳಷ್ಟು ಜನರನ್ನು ವೈದ್ಯರು ಮುಂದೆ ಎಷ್ಟೋ ವರ್ಷ ಗಮನಿಸಿದರು. ಒಂದು ಸಲ ಜ್ವರ ಬಂದು ವಾಸಿಯಾದವರಲ್ಲಿ ಪಿತ್ತಕೋಶದ ಕ್ಯಾನ್ಸರ್ ಹೆಚ್ಚಾಗಿರಲಿಲ್ಲ. ಆದರೆ ಜ್ವರ ಬಿಟ್ಟ ಮೇಲೂ ವರ್ಷಗಟ್ಟಲೆ ಟೈಫಾಯಿಡ್ ಕ್ರಿಮಿಯನ್ನು ಒಳಗೆ ಹೊತ್ತು ತಿರುಗುತ್ತಿದ್ದ ಬೇರೊಂದು ಗುಂಪಿನ ಜನರಲ್ಲಿ ಅದು ಬಹಳ ಹೆಚ್ಚಿತ್ತು. ಈ ಕ್ರಿಮಿ ಪಿತ್ತಕೋಶದ ಕಲ್ಲಿನ ಮೇಲೆಯೇ ಲೋಳೆ ಪದರ ಕಟ್ಟಿಕೊಂಡು ಕೂರುತ್ತದೆ. ಅಲ್ಲಿಗೆ ಮಾತ್ರೆಯ ಔಷಧ ಸರಿಯಾಗಿ ತಲುಪುವುದಿಲ್ಲ. ಹಾಗಾಗಿ ನೀರು ಕುದಿಸಿ ಕುಡಿಯುವುದು, ಜಾತ್ರೆಯಲ್ಲಿ ಐಸ್ ಹಾಕಿದ ಕಬ್ಬಿನ ಹಾಲು ಬಿಡುವುದು, ಟೈಫಾಯಿಡ್ ಬಂದರೆ ಜ್ವರ ಇಳಿಯಿತು ಅಂತ ಮಾತ್ರೆ ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ನುಂಗುವುದು, ಇವೂ ಪಿತ್ತಕೋಶವನ್ನು ಕಾಯುವ ಅಭ್ಯಾಸಗಳೇ. ಮಕ್ಕಳಿಗೆ ಟೈಫಾಯಿಡ್ ಲಸಿಕೆ ಹಾಕಿಸಿ.

ಪಿತ್ತನಾಳದ ಕ್ಯಾನ್ಸರ್ ಅತಿ ಹೆಚ್ಚು ಇರುವುದು ಈಶಾನ್ಯ ಥಾಯ್ಲೆಂಡಿನಲ್ಲಿ. ಅಲ್ಲಿ ಹೊಳೆ ಮೀನನ್ನು ಹಸಿಯಾಗಿಯೇ ಕೊಚ್ಚಿ, ಹುಳಿ ಖಾರ ಹಾಕಿ ತಿನ್ನುತ್ತಾರೆ. ಮೀನಿನೊಳಗಿನ ಒಂದು ಚಪ್ಪಟೆ ಹುಳ ಪಿತ್ತನಾಳದಲ್ಲಿ ವರ್ಷಗಟ್ಟಲೆ ಬದುಕುತ್ತದೆ. ನಮ್ಮಲ್ಲಿ ಮೀನು ಬೇಯಿಸದೆ ತಿನ್ನುವವರಿಲ್ಲ, ಹಾಗಾಗಿ ನಮಗೆ ಆ ಭಯ ಇಲ್ಲ. ಆ ಕಡೆ ಪ್ರವಾಸಕ್ಕೋ ಕೆಲಸಕ್ಕೋ ಹೋಗುವವರಿಗೆ ಹೇಳಿ, ಹಸಿ ಹೊಳೆ ಮೀನು ಬೇಡ.

ಇಷ್ಟೆಲ್ಲ ಹೇಳಿದ ಮೇಲೂ ನನ್ನನ್ನು ಕಾಡುವುದು ನಿಮ್ಮ ಪತ್ರದ ಆ ಒಂದು ಸಾಲು: ಎರಡು ತಿಂಗಳು ನಾಟಿ ಔಷಧಿ. ನಿಮ್ಮನ್ನು ದೂರುವುದಕ್ಕಲ್ಲ ಇದು. ನನ್ನ ಹತ್ತಿರ ಬರುವ ಪಿತ್ತನಾಳದ ರೋಗಿಗಳಲ್ಲಿ ಎಷ್ಟೋ ಜನರ ಕಥೆ ಇದೇ. ಒಬ್ಬ ರೈತರು ನೆನಪಾಗುತ್ತಾರೆ. ಒಂಬತ್ತು ವಾರ ತಡವಾಗಿ ಬಂದಿದ್ದರು. ಕಣ್ಣಿನ ಬಿಳಿ ಭಾಗ ಕಡು ಅರಿಶಿನ, ಮುಂಗೈ ತುಂಬಾ ಕೆರೆದು ಕೆರೆದು ಉಗುರಿನ ಗೀರು, ಮಣಿಕಟ್ಟಿನ ಹತ್ತಿರ ಚಟಿಕೆ ಹಾಕಿಸಿದ ಸುಟ್ಟ ಗುರುತು. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಹೇಳಿದ್ದು ಒಂದೇ ಮಾತು: "ಪಥ್ಯ ಒಂದು ದಿನಾನೂ ತಪ್ಪಿಸಿಲ್ಲ ಸರ್." ಅಷ್ಟು ನಿಷ್ಠೆಯಿಂದ ನೋಡಿಕೊಂಡಿದ್ದರು. ಆ ಒಂಬತ್ತು ವಾರದಲ್ಲಿ ಆಪರೇಷನ್ ಮಾಡುವ ಅವಕಾಶ ಕೈತಪ್ಪಿತ್ತು.

ನಾಟಿ ಔಷಧಿಯ ಮೇಲೆ ಜನಕ್ಕೆ ನಂಬಿಕೆ ಸುಮ್ನೆ ಬಂದಿದ್ದಲ್ಲ. ನಮ್ಮಲ್ಲಿ ಬರುವ ಕಾಮಾಲೆಯಲ್ಲಿ ಹೆಚ್ಚಿನದು ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ. ಅದು ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ನೆಲನೆಲ್ಲಿ ಕುಡಿದರೂ ಇಳಿಯುತ್ತದೆ, ಕುಡಿಯದಿದ್ದರೂ ಇಳಿಯುತ್ತದೆ. ಹಾಗೆ ವಾಸಿಯಾದ ಹತ್ತು ಜನ ಹನ್ನೊಂದನೆಯವರಿಗೆ ವಿಳಾಸ ಕೊಡುತ್ತಾರೆ. ಆ ಹನ್ನೊಂದನೆಯವರದು ಕ್ಯಾನ್ಸರ್ ಗಡ್ಡೆಯಿಂದ ಪಿತ್ತನಾಳ ಕಟ್ಟಿಕೊಂಡು ಬಂದ ಕಾಮಾಲೆಯಾಗಿದ್ದರೆ ಕಾದಷ್ಟೂ ಗಡ್ಡೆ ಬೆಳೆಯುತ್ತದೆ. ಎರಡನ್ನೂ ಗುರುತಿಸಲು ಮನೆಯಲ್ಲೇ ಕೆಲವು ಸುಳಿವುಗಳಿವೆ. ನಾಳ ಕಟ್ಟಿದಾಗ ಮೂತ್ರ ನೀರು ಬೆರೆಸಿದ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಮಲ ಬಣ್ಣ ಕಳೆದುಕೊಂಡು ಜೇಡಿಮಣ್ಣಿನ ಹಾಗೆ ಬಿಳಚುತ್ತದೆ. ರಾತ್ರಿ ನಿದ್ದೆ ಕೆಡಿಸುವಷ್ಟು ಮೈ ಕೆರೆತ ಇರುತ್ತದೆ. ನೋವು ಎಷ್ಟೋ ಸಲ ಇರುವುದೇ ಇಲ್ಲ, ಅದಕ್ಕೇ ಜನ ಧೈರ್ಯವಾಗಿ ಕಾಯುತ್ತಾರೆ. ಹಸಿವು ಹೋಗಿ ತೂಕ ಇಳಿಯುತ್ತದೆ. ಇವುಗಳಲ್ಲಿ ಯಾವುದು ಕಂಡರೂ ವಾರ ಕಾಯಬೇಡಿ. ನಿಜ ಹೇಳಬೇಕೆಂದರೆ ನಲವತ್ತು ದಾಟಿದ ಯಾರಿಗೇ ಕಣ್ಣು ಹಳದಿಯಾದರೂ ಮೊದಲು ಒಂದು ರಕ್ತ ಪರೀಕ್ಷೆ, ಒಂದು ಹೊಟ್ಟೆ ಸ್ಕ್ಯಾನ್ ಆಗಲೇಬೇಕು. ನಾಳ ಹಿಗ್ಗಿದೆಯೇ ಇಲ್ಲವೇ ಅಂತ ಆ ಸ್ಕ್ಯಾನ್ ಹತ್ತು ನಿಮಿಷದಲ್ಲಿ ಹೇಳುತ್ತದೆ. ಔಷಧಿ ಯಾವುದು ಅಂತ ಆಮೇಲೆ ಯೋಚಿಸಬಹುದು.

ಈಗ ನಿಮ್ಮ ಕಲ್ಲು. ನೋವಿಲ್ಲದ, 9 ಮಿಲಿಮೀಟರ್ ಕಲ್ಲಿಗೆ ನಮ್ಮ ಕಡೆ ಸಾಮಾನ್ಯವಾಗಿ ಆಪರೇಷನ್ ಬೇಡ ಅನ್ನುತ್ತೇವೆ. ಕಲ್ಲು 3 ಸೆಂಟಿಮೀಟರ್ ದಾಟಿದರೆ, ಪಿತ್ತಕೋಶದ ಒಳಗೆ 1 ಸೆಂಟಿಮೀಟರ್‌ಗಿಂತ ದೊಡ್ಡ ಪಾಲಿಪ್, ಅಂದರೆ ಗೋಡೆಯಿಂದ ಚಾಚಿಕೊಂಡ ಸಣ್ಣ ಗಂಟು, ಇದ್ದರೆ, ಗೋಡೆ ಒಂದು ಕಡೆ ಮಾತ್ರ ದಪ್ಪವಾಗಿದ್ದರೆ, ಅಥವಾ ನೋವು ಮತ್ತೆ ಮತ್ತೆ ಬರುತ್ತಿದ್ದರೆ ತೆಗೆಸುವುದೇ ಒಳ್ಳೆಯದು. ಚಿಲಿಯಲ್ಲಿ ಅಪಾಯ ಅಷ್ಟು ಹೆಚ್ಚಿರುವುದರಿಂದ 35ರಿಂದ 49 ವರ್ಷದವರಿಗೆ ಕಲ್ಲು ಕಂಡರೆ ಸರ್ಕಾರವೇ ಪಿತ್ತಕೋಶ ತೆಗೆಸುವ ಖಾತ್ರಿ ಕೊಟ್ಟಿದೆ. ಅಲ್ಲಿನ ಲೆಕ್ಕ ಅಲ್ಲಿಗೆ ಸರಿ. ಅದನ್ನು ಹಾವೇರಿಗೆ ತಂದು ಹಾಕಬೇಕಾಗಿಲ್ಲ.

ಮುಂದೆ ಎಂದಾದರೂ ನಿಮ್ಮದೋ ಮನೆಯಲ್ಲಿ ಇನ್ಯಾರದೋ ಪಿತ್ತಕೋಶ ತೆಗೆಸಬೇಕಾಗಿ ಬಂದರೆ ಒಂದು ಕೆಲಸ ತಪ್ಪದೆ ಮಾಡಿ. ಆಪರೇಷನ್ ಮುಗಿದ ಮೇಲೆ ಕಲ್ಲುಗಳನ್ನು ಡಬ್ಬಿಯಲ್ಲಿ ಹಾಕಿ ಕೈಗೆ ಕೊಡುತ್ತಾರೆ. ಎಲ್ಲರೂ ಅದನ್ನೇ ನೋಡುತ್ತಾ ನಿಲ್ಲುತ್ತಾರೆ. ನೀವು ಕೇಳಬೇಕಾದ್ದು ಆ ಚೀಲದ ಬಗ್ಗೆ. ಅದನ್ನು ಕೆಡದಂತೆ ಕಾಯುವ ಫಾರ್ಮಲಿನ್ ದ್ರವ ತುಂಬಿದ ಬಾಟಲಿಯಲ್ಲಿ ಹಾಕಿ ಬಯಾಪ್ಸಿಗೆ, ಅಂದರೆ ಸೂಕ್ಷ್ಮದರ್ಶಕದ ಪರೀಕ್ಷೆಗೆ, ಕಳಿಸಿದ್ದಾರೆಯೇ? ವರದಿ ಯಾವತ್ತು ಬರುತ್ತದೆ? ಬರೀ ಕಲ್ಲು ಅಂತ ತೆಗೆದ ಪಿತ್ತಕೋಶದಲ್ಲಿ, ಸ್ಕ್ಯಾನ್‌ಗೂ ಕಾಣದಷ್ಟು ಸಣ್ಣ ಕ್ಯಾನ್ಸರ್ ಆಗೊಮ್ಮೆ ಈಗೊಮ್ಮೆ ಸಿಗುತ್ತದೆ. ಒಳಪದರದಲ್ಲಷ್ಟೇ ಇದ್ದರೆ ಆ ಆಪರೇಷನ್ನೇ ಅದಕ್ಕೆ ಪೂರ್ತಿ ಚಿಕಿತ್ಸೆ ಆಗಿಬಿಡುತ್ತದೆ. ಇನ್ನೂ ಸ್ವಲ್ಪ ಆಳಕ್ಕೆ ಇಳಿದಿದ್ದರೆ ಬೇಗ ಎರಡನೇ ಆಪರೇಷನ್ ಬೇಕು. ವರದಿ ತರಲು ಹೋಗದೆ ಡ್ರಾಯರ್‌ನಲ್ಲಿ ಬಿಲ್ಲಿನ ಜೊತೆ ರಸೀದಿ ಇಟ್ಟು ಮರೆತರೆ ಆ ಅವಕಾಶ ಹೋಗುತ್ತದೆ.

ನೀವು ಕಳಿಸಿದ ಸ್ಕ್ಯಾನ್ ವರದಿಯಲ್ಲಿ ಕಲ್ಲಿನ ಅಳತೆ ಇದೆ, ಪಿತ್ತಕೋಶದ ಗೋಡೆ ಎಷ್ಟು ದಪ್ಪ ಅಂತ ಬರೆದಿಲ್ಲ. ಮೂರು ಮಿಲಿಮೀಟರ್ ಒಳಗಿದ್ದರೆ ಸಾಮಾನ್ಯ. ಮುಂದಿನ ಸಲ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ, ಯಾಕೆಂದರೆ ಊಟವಾದ ಮೇಲೆ ಚೀಲ ಮುದುಡಿಕೊಂಡು ಗೋಡೆ ದಪ್ಪ ಕಾಣುತ್ತದೆ. ಗೋಡೆಯ ದಪ್ಪ, ಪಾಲಿಪ್ ಇದೆಯೇ, ನಾಳ ಎಷ್ಟು ಅಗಲ, ಈ ಮೂರನ್ನೂ ಕೇಳಿ ಬರೆಸಿಕೊಳ್ಳಿ. ಆ ಹಾಳೆ ತೆಗೆದುಕೊಂಡು ನಿಮ್ಮ ಊರಿನ ಸರ್ಜನ್ ಒಬ್ಬರನ್ನು ಕಾಣಿ. ಎಲ್ಲ ಸರಿ ಇದ್ದರೆ ವರ್ಷದ ನಂತರ ಇನ್ನೊಂದು ಸ್ಕ್ಯಾನ್ ಸಾಕು.